ಹಲ್ಲು ಕೀಳಿಸಿದ ಮೇಲೆ ಮರಳಿ ಬರುವ ನೋವು: ಮಧುಮೇಹಿಗಳಿರುವ ಮನೆಗೆ ಒಂದು ಪಾಠ

ಹುಳುಕು ಹಲ್ಲನ್ನು ಕೀಳಿಸಿದರೆ ನೋವಿನ ಮೂಲವೇ ಹೋಯಿತೆಂದು ಎಲ್ಲರೂ ಭಾವಿಸುತ್ತಾರೆ. ಬಹುಮಟ್ಟಿಗೆ ಇದು ನಿಜ. ಹಲ್ಲು ಕಿತ್ತ ಜಾಗದ ನೋವು ದಿನದಿಂದ ದಿನಕ್ಕೆ ತಗ್ಗುತ್ತಾ ಹೋಗಬೇಕು. ಆದರೆ ಕೆಲವರಲ್ಲಿ ತಗ್ಗಿದ್ದ ನೋವು ಎರಡನೆಯ ಅಥವಾ ಮೂರನೆಯ ದಿನ ಮೊದಲಿಗಿಂತಲೂ ತೀವ್ರವಾಗಿ ಮರಳುತ್ತದೆ. ಕಿವಿ ಮತ್ತು ಕಪಾಲದವರೆಗೂ ಹರಡುತ್ತದೆ. ಬಾಯಿಯಲ್ಲಿ ಕೆಟ್ಟ ರುಚಿ, ದುರ್ವಾಸನೆ ತೋರುತ್ತವೆ. ಈ ತೊಂದರೆಗೆ ದಂತವೈದ್ಯರು 'ಡ್ರೈ ಸಾಕೆಟ್' ಎನ್ನುತ್ತಾರೆ. ನಾವು 'ಒಣಕುಳಿ' ಎಂದು ಕರೆಯೋಣ. ಪತಿಗಾಗಲಿ ಪತ್ನಿಗಾಗಲಿ ಮಧುಮೇಹ, ಅಂದರೆ ಸಕ್ಕರೆ ಕಾಯಿಲೆ ಇದ್ದರೆ, ಈ ನೋವಿನ ವಿಷಯವನ್ನು ಇಬ್ಬರೂ ಅರಿತಿರುವುದು ಅವಶ್ಯಕ.

ಒಣಕುಳಿ ಹೇಗೆ ಉಂಟಾಗುತ್ತದೆ?

ಹಲ್ಲು ಕಿತ್ತ ಕುಳಿಯಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಈ ಹೆಪ್ಪು ಗಾಯಕ್ಕೆ ಪ್ರಕೃತಿಯೇ ಹಾಕಿದ ಪಟ್ಟಿ. ಇದರ ಆಸರೆಯಲ್ಲಿ ಹೊಸ ಮಾಂಸ, ಅನಂತರ ಹೊಸ ಮೂಳೆ ಬೆಳೆಯುತ್ತವೆ. ಹೆಪ್ಪು ಕಳಚಿ ಬಿದ್ದರೆ ಅಥವಾ ಅಕಾಲದಲ್ಲಿ ಕರಗಿದರೆ ದವಡೆಯ ಮೂಳೆ ಬಯಲಾಗುತ್ತದೆ. ಗಾಳಿ, ನೀರು, ಅನ್ನದ ಅಗುಳು ತಾಗಿದರೂ ಅಸಹನೀಯ ವೇದನೆಯಾಗುತ್ತದೆ.

ಕೆಳದವಡೆಯ ಹಿಂಬದಿಯ ಹಲ್ಲುಗಳನ್ನು, ಅದರಲ್ಲೂ ಬುದ್ಧಿಹಲ್ಲನ್ನು ಕೀಳಿಸಿದಾಗ ಇದು ಹೆಚ್ಚಾಗಿ ಕಂಡುಬರುತ್ತದೆ. ಬೀಡಿ, ಸಿಗರೇಟು ಸೇದುವವರಿಗೆ ಅಪಾಯ ಹೆಚ್ಚು. ಮಾಲಾ-ಎನ್‌ನಂತಹ ಗರ್ಭನಿರೋಧಕ ಗುಳಿಗೆ ನುಂಗುವ ಸ್ತ್ರೀಯರಲ್ಲಿಯೂ ಇದರ ಸಾಧ್ಯತೆ ತುಸು ಅಧಿಕ. ಆದುದರಿಂದ ಗುಳಿಗೆ ಸೇವಿಸುತ್ತಿರುವ ವಿಷಯವನ್ನು ದಂತವೈದ್ಯರಿಗೆ ಸಂಕೋಚವಿಲ್ಲದೆ ತಿಳಿಸಿ; ಗುಳಿಗೆಯನ್ನು ಮಾತ್ರ ನೀವಾಗಿಯೇ ನಿಲ್ಲಿಸಬೇಡಿ.

ಮಧುಮೇಹಿಗಳಿಗೆ ಏಕೆ ವಿಶೇಷ ಎಚ್ಚರಿಕೆ?

ಸಕ್ಕರೆ ಕಾಯಿಲೆ ಇದ್ದವರಿಗೆಲ್ಲ ಒಣಕುಳಿ ಆಗಿಯೇ ತೀರುತ್ತದೆಂದಲ್ಲ. ಆದರೆ ರಕ್ತದ ಸಕ್ಕರೆ ಹತೋಟಿಯಲ್ಲಿಲ್ಲದಿದ್ದರೆ ಗಾಯ ನಿಧಾನವಾಗಿ ಮಾಯುತ್ತದೆ, ಸೋಂಕು ಸುಲಭವಾಗಿ ತಗಲುತ್ತದೆ. ಸೋಂಕು ಮತ್ತು ನೋವು ಸಕ್ಕರೆಯನ್ನು ಇನ್ನಷ್ಟು ಏರಿಸುತ್ತವೆ.

ಇದಕ್ಕೆ ವಿರುದ್ಧವಾದ ಅಪಾಯವೂ ಉಂಟು. ಒಬ್ಬ ರೈತ ಎಂದಿನಂತೆ ಬೆಳಿಗ್ಗೆ ಇನ್ಸುಲಿನ್ ಚುಚ್ಚಿಕೊಂಡನೆನ್ನಿ. ಹಲ್ಲಿನ ಕುಳಿಯ ನೋವಿನಿಂದ ಮುದ್ದೆಯನ್ನೂ ನುಂಗಲಾರದೆ ಬರಿಹೊಟ್ಟೆಯಲ್ಲಿ ಹೊಲಕ್ಕೆ ಹೋದನೆನ್ನಿ. ಕೆಲವೇ ಗಂಟೆಗಳಲ್ಲಿ ಅವನ ರಕ್ತದ ಸಕ್ಕರೆ ಕುಸಿಯಬಹುದು. ಬೆವರು, ನಡುಕ, ವಿಪರೀತ ಹಸಿವು, ತಲೆಸುತ್ತು, ತೊದಲು ಮಾತು ಇದರ ಚಿಹ್ನೆಗಳು. ರಕ್ತಪರೀಕ್ಷೆಯಲ್ಲಿ ಸಕ್ಕರೆ 70 ಮಿಲಿಗ್ರಾಂಗಿಂತ ಕಡಿಮೆ ತೋರಿದರೆ ಅದು ಅಪಾಯದ ಮಟ್ಟ. ಎಚ್ಚರವಿದ್ದರೆ ತಕ್ಷಣ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿ. ಚೇತರಿಸಿಕೊಂಡ ಮೇಲೆ ಮೆದುವಾದ ಆಹಾರ ಕೊಡಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ 108ಕ್ಕೆ ಕರೆಮಾಡಿ.

ಹಲ್ಲು ಕೀಳಿಸುವ ಮುನ್ನ

1. ಸಕ್ಕರೆ ಕಾಯಿಲೆ ಇರುವುದನ್ನೂ ಸೇವಿಸುವ ಔಷಧಿಗಳನ್ನೂ ದಂತವೈದ್ಯರಿಗೆ ತಿಳಿಸಿ. ಚಿಕಿತ್ಸೆಯ ಚೀಟಿಯನ್ನು ಜೊತೆಯಲ್ಲಿ ಒಯ್ಯಿರಿ.
2. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತದ ಸಕ್ಕರೆಯನ್ನು ಪರೀಕ್ಷಿಸಿಕೊಳ್ಳಿ. ಅದು ಬಹಳ ಏರಿದ್ದರೆ ವೈದ್ಯರು ಮೊದಲು ಅದನ್ನು ಹತೋಟಿಗೆ ತಂದು ಅನಂತರ ಹಲ್ಲು ಕೀಳಬಹುದು.
3. ಜಾಗವನ್ನಷ್ಟೇ ಮರಗಟ್ಟಿಸಿ ಹಲ್ಲು ಕೀಳುವುದಾದರೆ ಉಪವಾಸ ಬೇಕಿಲ್ಲ. ವೈದ್ಯರು ಬೇರೆ ಹೇಳದಿದ್ದಲ್ಲಿ ಉಪಾಹಾರ ಮಾಡಿ, ಔಷಧಿ ತೆಗೆದುಕೊಂಡು, ಬೆಳಗಿನ ಹೊತ್ತೇ ಹೋಗಿರಿ.

ಕೀಳಿಸಿದ ಮೇಲೆ

ಮೊದಲ 24 ಗಂಟೆ ಹೆಪ್ಪನ್ನು ಕಾಪಾಡುವುದೇ ಮುಖ್ಯ. ಬಾಯಿ ಮುಕ್ಕಳಿಸಬಾರದು, ಮೇಲಿಂದ ಮೇಲೆ ಉಗುಳಬಾರದು. ಎಳನೀರನ್ನಾಗಲಿ ಬೇರಾವ ಪಾನೀಯವನ್ನಾಗಲಿ ಕೊಳವೆಯಿಂದ ಹೀರಬಾರದು. ಬೀಡಿ, ಸಿಗರೇಟು, ಹೊಗೆಸೊಪ್ಪು, ಎಲೆಅಡಿಕೆಗಳನ್ನು ಗಾಯ ಮಾಯುವವರೆಗೂ ದೂರವಿಡಬೇಕು. ಬಿಟ್ಟದ್ದನ್ನು ಮತ್ತೆ ಹಿಡಿಯದಿದ್ದರೆ ಇನ್ನೂ ಲೇಸು.

ಮರುದಿನದಿಂದ ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು ಬೆರೆಸಿ, ಊಟವಾದ ಮೇಲೆ ಬಾಯಿಯಲ್ಲಿ ಮೆಲ್ಲಗೆ ಆಡಿಸಿ ಚೆಲ್ಲಬೇಕು. ಮೆತ್ತಗಿನ ಅನ್ನ, ಬೇಳೆಯ ಕಟ್ಟು, ಮಜ್ಜಿಗೆ, ಇಡ್ಲಿ, ಆರಿದ ಗಂಜಿ ಇವುಗಳನ್ನು ಸ್ವಲ್ಪಸ್ವಲ್ಪವಾಗಿ ಹೊತ್ತುಹೊತ್ತಿಗೆ ಸೇವಿಸಬೇಕು. ಗಂಜಿಗೆ ಬೆಲ್ಲ, ಸಕ್ಕರೆ ಬೆರೆಸಬೇಡಿ. ಉಣ್ಣಲು ಆಗದಿದ್ದರೆ ಸಕ್ಕರೆ ಕಾಯಿಲೆಯ ಔಷಧಿಯನ್ನು ತಾವಾಗಿಯೇ ಬಿಡಲೂಬಾರದು, ಬರಿಹೊಟ್ಟೆಯಲ್ಲಿ ಎಂದಿನಷ್ಟೇ ತೆಗೆದುಕೊಳ್ಳಲೂಬಾರದು. ಎಷ್ಟು ತೆಗೆದುಕೊಳ್ಳಬೇಕೆಂದು ಅಂದೇ ವೈದ್ಯರನ್ನು ಕೇಳಬೇಕು.

ನೋವು ಮರಳಿದರೆ

ಸಹಿಸಿಕೊಂಡು ಮನೆಯಲ್ಲಿ ಕುಳಿತಿರಬೇಡಿ. ಹಲ್ಲು ಕಿತ್ತ ವೈದ್ಯರಲ್ಲಿಗೆ ಹೋಗಿರಿ. ಅವರು ಕುಳಿಯನ್ನು ಉಪ್ಪುದ್ರಾವಣದಿಂದ ತೊಳೆದು ನೋವು ಶಮನ ಮಾಡುವ ಔಷಧಿಯ ಪಟ್ಟಿ ಇಡುತ್ತಾರೆ. ಬಹಳ ಮಂದಿಗೆ ಅಂದೇ ಉಪಶಮನ ದೊರೆಯುತ್ತದೆ. ಅಗತ್ಯವಿದ್ದರೆ ಒಂದೆರಡು ದಿನಗಳಿಗೊಮ್ಮೆ ಪಟ್ಟಿ ಬದಲಿಸುತ್ತಾರೆ. ಸಾಮಾನ್ಯವಾಗಿ ಏಳರಿಂದ ಹತ್ತು ದಿನಗಳಲ್ಲಿ ನೋವು ಅಡಗುತ್ತದೆ. ಮಧುಮೇಹಿಗಳಿಗೆ ಇನ್ನೂ ಕೆಲವು ದಿನ ಹಿಡಿಯಬಹುದು.

ಕುಳಿಗೆ ಸುಣ್ಣ, ಬೂದಿ, ಹೊಗೆಸೊಪ್ಪು ತುಂಬಬೇಡಿ. ಆಸ್ಪಿರಿನ್ ಗುಳಿಗೆಯನ್ನು ಒಸಡಿನ ಮೇಲಿಟ್ಟರೆ ಒಸಡು ಸುಟ್ಟು ಹುಣ್ಣಾಗುತ್ತದೆ. ವೈದ್ಯರ ಪಟ್ಟಿಯಲ್ಲಿ ಲವಂಗದ ಸತ್ವ ಇರುವುದುಂಟು. ಆದರೆ ಲವಂಗದ ಎಣ್ಣೆಯನ್ನು ನೀವೇ ಕುಳಿಗೆ ಸುರಿದರೆ ಅದೂ ಸುಡುತ್ತದೆ. ನೋವಿನ ಗುಳಿಗೆಗಳನ್ನು ಅಂಗಡಿಯಿಂದ ತಂದು ನುಂಗಬೇಡಿ. ಸಕ್ಕರೆ ಕಾಯಿಲೆಯಿಂದ ಮೂತ್ರಪಿಂಡ ದುರ್ಬಲವಾಗಿದ್ದರೆ ಕೆಲವು ಗುಳಿಗೆಗಳು ಹಾನಿ ಮಾಡುತ್ತವೆ.

ಜ್ವರ, ಮುಖದ ಅಥವಾ ಕುತ್ತಿಗೆಯ ಬಾವು, ಕೀವು, ನಿಲ್ಲದ ರಕ್ತಸ್ರಾವ, ಪದೇಪದೇ ವಾಂತಿ ಕಂಡರೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ. ಬಾಯಿ ತೆರೆಯಲು, ನುಂಗಲು ಅಥವಾ ಉಸಿರಾಡಲು ಕಷ್ಟವಾದರೆ ಕ್ಷಣವೂ ತಡಮಾಡಬೇಡಿ.

ದಂಪತಿಗಳ ಕರ್ತವ್ಯ

ನೋವಿನಲ್ಲಿರುವವರಿಗೆ ತಮ್ಮ ಊಟ, ಔಷಧಿಗಳ ಲೆಕ್ಕ ತಪ್ಪುವುದು ಸಹಜ. ಆ ಕೆಲವು ದಿನ ಪತಿಯ ಲೆಕ್ಕವನ್ನು ಪತ್ನಿಯೂ, ಪತ್ನಿಯ ಲೆಕ್ಕವನ್ನು ಪತಿಯೂ ಇಡಬೇಕು. ಮನೆಯವರೆಲ್ಲ ಉಂಡ ಮೇಲೆ ತಾನು ಉಣ್ಣುವ ಗೃಹಿಣಿಗೆ ಮಧುಮೇಹವಿದ್ದರೆ, ಅವಳು ಹೊತ್ತಿಗೆ ಸರಿಯಾಗಿ ಉಂಡಳೇ ಎಂದು ವಿಚಾರಿಸುವುದು ಪತಿಯ ಹೊಣೆ.

ಪಾಠವನ್ನು ಓದಿದ ಮೇಲೆ ಒಬ್ಬರನ್ನೊಬ್ಬರು ಕೇಳಿಕೊಳ್ಳಿ:

1. ಹಲ್ಲು ಕಿತ್ತ ಮೇಲೆ ನೋವು ತಗ್ಗುವ ಬದಲು ಹೆಚ್ಚಾದರೆ ಎಲ್ಲಿಗೆ ಹೋಗಬೇಕು?
2. ಉಣ್ಣಲಾಗದ ದಿನ ಇನ್ಸುಲಿನ್ ಅಥವಾ ಗುಳಿಗೆಯ ವಿಷಯದಲ್ಲಿ ಏನು ಮಾಡಬೇಕು?
3. ರಕ್ತದ ಸಕ್ಕರೆ ಕುಸಿದುದನ್ನು ಗುರುತಿಸುವುದು ಹೇಗೆ?