ಜಾರುವ ಸ್ವರದ ಶಿಲ್ಪಿಗಳು

ಮನುಷ್ಯನ ಕಂಠಕ್ಕೆ ಮೆಟ್ಟಿಲುಗಳಿಲ್ಲ. ತೊಟ್ಟಿಲು ತೂಗುತ್ತ ಜೋಗುಳ ಹಾಡುವ ತಾಯಿಯ ದನಿಯನ್ನು ಕಿವಿಗೊಟ್ಟು ಆಲಿಸಿರಿ. ಒಂದು ಸ್ವರದಿಂದ ಇನ್ನೊಂದಕ್ಕೆ ಆಕೆಯ ದನಿಯು ಕೆಸುವಿನ ಎಲೆಯ ಮೇಲಿನ ನೀರಹನಿಯಂತೆ ಜಾರಿಹೋಗುತ್ತದೆ. ಇದನ್ನೇ ನಮ್ಮ ಸಂಗೀತಗಾರರು ಜಾರು ಎಂದು ಕರೆಯುತ್ತಾರೆ. ಅದು ಗಮಕದ ಒಂದು ಬಗೆ. ಕಂಠಕ್ಕೆ ಸಹಜವಾದ ಈ ಗುಣವನ್ನು ಮರ, ಲೋಹ, ತಂತಿಗಳಿಂದ ಹೊರಡಿಸುವುದು ಹೇಗೆಂಬ ಪ್ರಶ್ನೆಯು ವಾದ್ಯಗಳನ್ನು ಮಾಡುವವರನ್ನು ಶತಮಾನಗಳಿಂದ ಕಾಡಿದೆ. ಆ ಪ್ರಶ್ನೆಗೆ ಅಮೆರಿಕದ ಕೆಲವು ಕುಶಲಕರ್ಮಿಗಳು ಕಂಡುಕೊಂಡ ಉತ್ತರವು ಪೆಡಲ್ ಸ್ಟೀಲ್ ಗಿಟಾರ್ ಎಂಬ ವಿಚಿತ್ರ ವಾದ್ಯ. ಅದರ ಕಥೆಯನ್ನು ನಮ್ಮ ಗುಬ್ಬಿಯಿಂದಲೇ ಆರಂಭಿಸಬಹುದು.

1884ರಲ್ಲಿ ಗುಬ್ಬಿಯಲ್ಲಿ ಹುಟ್ಟಿ, ಮುಂದೆ ವೀರಣ್ಣನವರ ಒಡೆತನದಲ್ಲಿ ನಾಡಿನ ಉದ್ದಗಲಕ್ಕೂ ಹೆಸರಾದ ನಾಟಕ ಕಂಪೆನಿಯನ್ನು ಅರಿಯದವರು ನಮ್ಮ ಸೀಮೆಯಲ್ಲಿ ವಿರಳ. ಅಂದಿನ ವೃತ್ತಿ ರಂಗಭೂಮಿಯಲ್ಲಿ ಹಾರ್ಮೋನಿಯಂ ಮಾಸ್ತರರಿಗೆ ನಾಯಕನಟನಷ್ಟೇ ಗೌರವವಿತ್ತು. ಅವರು ಬಳಸುತ್ತಿದ್ದುದು ಕಾಲಿನಿಂದ ತುಳಿಯುವ ಹಾರ್ಮೋನಿಯಂ. ಪಾದಗಳು ಪೆಡಲನ್ನು ತುಳಿದು ತಿದಿಗೆ ಗಾಳಿ ತುಂಬುತ್ತಿದ್ದವು. ಎರಡು ಕೈಗಳೂ ಮನೆಗಳ ಮೇಲೆ ಓಡಾಡಲು ಸ್ವತಂತ್ರವಾಗಿದ್ದವು. ಆದರೂ ಆ ವಾದ್ಯಕ್ಕೆ ಒಂದು ಕೊರತೆಯಿತ್ತು. ಒಂದು ಮನೆಗೂ ಇನ್ನೊಂದು ಮನೆಗೂ ನಡುವಿನ ನಾದವನ್ನು ಅದು ನುಡಿಯಲಾರದು. ನಟನು ಆಲಾಪದಲ್ಲಿ ಜಾರಿ ಇಳಿದರೆ ಹಾರ್ಮೋನಿಯಂ ಅವನ ಹಿಂದೆ ಮೆಟ್ಟಿಲಿಳಿದು ಬರಬೇಕಾಗಿತ್ತು. ನಮ್ಮ ಸಂಗೀತಕ್ಕೆ ಇದು ಒಗ್ಗದೆಂಬ ವಾದದಿಂದಲೇ ಆಕಾಶವಾಣಿಯು 1940ರಲ್ಲಿ ಹಾರ್ಮೋನಿಯಮ್ಮನ್ನು ದೂರವಿಟ್ಟಿತು. ಆ ಕಟ್ಟು ಸಡಿಲಗೊಂಡದ್ದು 1971ರಲ್ಲಿ. ನಾಟಕದ ಹಾಡುಗಳನ್ನು ಪ್ರೀತಿಸುವ ನನ್ನಂಥವರಿಗೆ ಆ ನಿಷೇಧವು ತೀರ ಕಠಿಣವಾಯಿತೆನಿಸುತ್ತದೆ. ಆದರೆ ಕೊರತೆಯಂತೂ ನಿಜ.

ತಂತಿವಾದ್ಯಗಳಲ್ಲಿ ಈ ಕೊರತೆಯನ್ನು ನೀಗಲು ಎರಡು ದಾರಿಗಳಿವೆ. ಮೊದಲನೆಯದು ವೀಣೆಯ ದಾರಿ: ಮೆಟ್ಟಿಲಿನ ಮೇಲೆ ತಂತಿಯನ್ನು ಬೆರಳಿನಿಂದ ಪಕ್ಕಕ್ಕೆ ಎಳೆದು, ಬಿಗುವನ್ನು ಹೆಚ್ಚಿಸಿ, ಸ್ವರವನ್ನು ಏರಿಸುವುದು. ಎರಡನೆಯದು ಮೆಟ್ಟಿಲುಗಳನ್ನೇ ತೆಗೆದುಹಾಕಿ ನುಣುಪಾದ ವಸ್ತುವೊಂದನ್ನು ತಂತಿಯ ಮೇಲೆ ಜಾರಿಸುವುದು. ಹದಿಮೂರನೆಯ ಶತಮಾನದಲ್ಲಿ ಶಾರ್ಙ್ಗದೇವನು ರಚಿಸಿದ ‘ಸಂಗೀತರತ್ನಾಕರ’ದಲ್ಲಿ ಏಕತಂತ್ರೀ ವೀಣೆಯ ವರ್ಣನೆಯಿದೆ, ಅದನ್ನು ಬಿದಿರಿನ ತುಂಡೊಂದನ್ನು ತಂತಿಯ ಮೇಲೆ ಸರಿಸುತ್ತ ನುಡಿಸುತ್ತಿದ್ದರು. ದಕ್ಷಿಣದ ಗೋಟುವಾದ್ಯವೂ ಉತ್ತರದ ವಿಚಿತ್ರವೀಣೆಯೂ ಇದೇ ಕುಲಕ್ಕೆ ಸೇರಿದವು. ತಿರುವಿಡೈಮರುದೂರಿನ ಸಖಾರಾಮರಾಯರು, ಅವರ ಬಳಿಕ ನಾರಾಯಣ ಅಯ್ಯಂಗಾರ್ಯರು ಗೋಟುವಾದ್ಯವನ್ನು ಕಚೇರಿಯ ವೇದಿಕೆಗೆ ಏರಿಸಿದರು.

ಸಾವಿರಾರು ಮೈಲಿ ದೂರದಲ್ಲಿ, ಪೆಸಿಫಿಕ್ ಸಾಗರದ ನಡುವಿನ ಹವಾಯಿ ದ್ವೀಪಗಳಲ್ಲಿ, ಈ ಎರಡನೆಯ ದಾರಿಯೇ ಬೇರೊಂದು ರೀತಿಯಲ್ಲಿ ತೆರೆದುಕೊಂಡಿತು. 1874ರಲ್ಲಿ ಜನಿಸಿದ ಜೋಸೆಫ್ ಕೆಕುಕು ಎಂಬ ಹುಡುಗನು ಹೊನೊಲುಲುವಿನ ಶಾಲೆಯಲ್ಲಿ ಓದುತ್ತಿದ್ದಾಗ, ಸುಮಾರು 1889ರಲ್ಲಿ, ಗಿಟಾರನ್ನು ತೊಡೆಯ ಮೇಲೆ ಮಲಗಿಸಿಕೊಂಡು ಉಕ್ಕಿನ ತುಂಡನ್ನು ತಂತಿಗಳ ಮೇಲೆ ಜಾರಿಸಿ ನುಡಿಸಿದನೆಂದು ಹೇಳುತ್ತಾರೆ. ಆಗ ಅವನಿಗೆ ಹೆಚ್ಚುಕಡಮೆ ನಿಮ್ಮದೇ ವಯಸ್ಸು. ರೈಲು ಹಳಿಯ ಬಳಿ ಸಿಕ್ಕ ಬೋಲ್ಟೊಂದು ಇದಕ್ಕೆ ಪ್ರೇರಣೆಯಾಯಿತೆಂಬ ಕಥೆಯೂ ಉಂಟು. ಭಾರತದಲ್ಲಿ ಹುಟ್ಟಿ ಹಡಗಿನಲ್ಲಿ ಹವಾಯಿಗೆ ಬಂದ ಗೇಬ್ರಿಯಲ್ ಡೇವಿಯನ್ ಎಂಬಾತನು ಕೆಕುಕುವಿಗಿಂತ ಮೊದಲೇ ಹೀಗೆ ನುಡಿಸಿದ್ದನೆಂಬ ಹೇಳಿಕೆಯೂ ಇದೆ. ಅದು ನಿಜವಾಗಿದ್ದರೆ ನಮ್ಮ ವೀಣೆಗಳ ನೆನಪೇ ಸಮುದ್ರ ದಾಟಿತೇ ಎಂದು ಕೇಳುವ ಆಸೆಯಾಗುತ್ತದೆ, ಆಸೆಯೇ ಆಧಾರವಾಗಲಾರದು. ಕೆಕುಕು 1904ರಲ್ಲಿ ಅಮೆರಿಕಕ್ಕೆ ತೆರಳಿದನು. ಹವಾಯಿಯ ಗಿಟಾರಿನ ನಾದಕ್ಕೆ ಆ ದೇಶವೇ ಮರುಳಾಯಿತು.

ಗಿಟಾರಿನ ಮೆಲುದನಿಯು ದೊಡ್ಡ ಸಭೆಗಳಲ್ಲಿ ಕೇಳಿಸುತ್ತಿರಲಿಲ್ಲ. 1931ರಲ್ಲಿ ಲಾಸ್ ಏಂಜಲೀಸಿನಲ್ಲಿ ಜಾರ್ಜ್ ಬೋಶಾಂಪ್ ಎಂಬ ಕಲಾವಿದನು ತಂತಿಯ ಕಂಪನವನ್ನು ಅಯಸ್ಕಾಂತದ ನೆರವಿನಿಂದ ವಿದ್ಯುತ್ತಾಗಿ ಮಾರ್ಪಡಿಸುವ ಸಾಧನವನ್ನು ರೂಪಿಸಿದನು. ಅಡಾಲ್ಫ್ ರಿಕನ್‌ಬ್ಯಾಕರನ ಕಾರ್ಖಾನೆಯಿಂದ ಮರುವರ್ಷ ಹೊರಬಂದ ಅಲ್ಯೂಮಿನಿಯಮ್ಮಿನ ಆ ಗಿಟಾರಿಗೆ ಜನರು ಇಟ್ಟ ಅಡ್ಡಹೆಸರು ಹುರಿಯುವ ಬಾಣಲೆ! ಜಗತ್ತಿನಲ್ಲಿ ಮಾರಾಟದಲ್ಲಿ ಯಶಸ್ಸು ಕಂಡ ಮೊದಲ ವಿದ್ಯುತ್ ಗಿಟಾರು ಇದೇ ಎಂಬುದನ್ನೂ, ಅದು ಮಲಗಿಸಿ ನುಡಿಸುವ ಸ್ಟೀಲ್ ಗಿಟಾರೇ ಆಗಿತ್ತೆಂಬುದನ್ನೂ ಗಮನಿಸಬೇಕು.

ಇಲ್ಲಿ ಮತ್ತೊಂದು ತೊಡಕು ಎದುರಾಯಿತು. ಪಾಶ್ಚಾತ್ಯ ಸಂಗೀತದಲ್ಲಿ ಹಲವು ಸ್ವರಗಳನ್ನು ಒಟ್ಟಿಗೆ ನುಡಿಸುವ ಸ್ವರಗುಚ್ಛಗಳು ಮುಖ್ಯ. ಉಕ್ಕಿನ ನೇರವಾದ ಸರಳು ಎಲ್ಲ ತಂತಿಗಳನ್ನೂ ಒಂದೇ ಗೆರೆಯಲ್ಲಿ ಒತ್ತುವುದರಿಂದ ತಂತಿಗಳನ್ನು ಹೇಗೆ ಶ್ರುತಿ ಮಾಡಿದ್ದರೆ ಅಷ್ಟೇ ಗುಚ್ಛಗಳು ಲಭಿಸುತ್ತವೆ. ನುಡಿಸುವಾಗಲೇ ಬೇಕಾದ ತಂತಿಯೊಂದರ ಶ್ರುತಿಯನ್ನು ಬದಲಿಸಲು ಸಾಧ್ಯವಾದರೆ? ಕೈಗಳೆರಡೂ ದುಡಿಯುತ್ತಿವೆ, ಉಳಿದದ್ದು ಕಾಲು. ನಾಟಕದ ಹಾರ್ಮೋನಿಯಂ ಕಾಲಿಗೆ ಕೊಟ್ಟ ಕೆಲಸ ಗಾಳಿಯೂದುವುದು. ಸ್ಟೀಲ್ ಗಿಟಾರು ಅದಕ್ಕೆ ಸ್ವರವನ್ನು ಬಾಗಿಸುವ ಕೆಲಸವನ್ನೇ ಕೊಟ್ಟಿತು.

ಗಿಬ್ಸನ್ ಸಂಸ್ಥೆಯು 1940ರ ಹೊತ್ತಿಗೆ ಪೆಡಲುಗಳುಳ್ಳ ವಾದ್ಯವನ್ನು ಹೊರತಂದಿತ್ತು. ಆದರೆ ನಂತರದ ತಲೆಮಾರುಗಳು ಭಕ್ತಿಯಿಂದ ನೆನೆಯುವ ಹೆಸರು ಪಾಲ್ ಬಿಗ್ಸ್‌ಬಿಯದು. ಈತ ಕ್ಯಾಲಿಫೋರ್ನಿಯದ ಯಂತ್ರಕರ್ಮಿ. ಮೋಟಾರ್‌ಸೈಕಲ್ ಕಾರ್ಖಾನೆಯಲ್ಲಿ ಎರಕಕ್ಕೆ ಅಚ್ಚು ಮಾಡುವ ಕೆಲಸದಲ್ಲಿ ಪಳಗಿದ್ದವನು. ಅಚ್ಚು ತಯಾರಿಕೆಯಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವೂ ಸಲ್ಲದು. ಆ ಶಿಸ್ತನ್ನು ಅವನು ವಾದ್ಯಕ್ಕೆ ತಂದನು. 1948ರಲ್ಲಿ ಸ್ಪೀಡಿ ವೆಸ್ಟ್ ಎಂಬ ವಾದಕನಿಗೆ ಅವನು ಮಾಡಿಕೊಟ್ಟ ಪೆಡಲ್ ಸ್ಟೀಲ್ ಪ್ರಸಿದ್ಧವಾಯಿತು. ಬಿಗ್ಸ್‌ಬಿಯ ವಾದ್ಯಗಳು ಒಂದೊಂದಾಗಿ, ಕೈಯಿಂದಲೇ ತಯಾರಾಗುತ್ತಿದ್ದವು. ವಾದಕರು ತಮ್ಮ ಸರದಿಗಾಗಿ ಕಾಯುತ್ತಿದ್ದರು. ವಾದ್ಯದ ಮುಂಭಾಗದಲ್ಲಿ ಎಲ್ಲರಿಗೂ ಕಾಣುವಂತೆ ತಯಾರಕನ ಹೆಸರು ದೊಡ್ಡ ಅಕ್ಷರಗಳಲ್ಲಿರುತ್ತಿತ್ತು. ಈ ಸಂಗತಿಯನ್ನು ನೆನಪಿನಲ್ಲಿಡಿರಿ.

ಬಡ್ ಐಸಾಕ್ಸ್ ಎಂಬ ವಾದಕನು 1953ರ ಕೊನೆಯಲ್ಲಿ ಒಂದು ಹಾಡಿನ ಧ್ವನಿಮುದ್ರಣದ ವೇಳೆ, ತಂತಿಗಳು ಇನ್ನೂ ಮೊಳಗುತ್ತಿರುವಾಗಲೇ ಪೆಡಲನ್ನು ಒತ್ತಿದನು. ಒಂದು ತಂತಿ ಸ್ಥಿರವಾಗಿ ನಿಂತಿತು. ಉಳಿದವು ಅದರ ಪಕ್ಕದಲ್ಲೇ ಏರಿಹೋದವು. ಮರುವರ್ಷ ಆ ಹಾಡು ಜನಪ್ರಿಯವಾದೊಡನೆ ಎಲ್ಲರಿಗೂ ಅಂಥ ವಾದ್ಯವೇ ಬೇಕಾಯಿತು. ಐವತ್ತರ ದಶಕದ ಉತ್ತರಾರ್ಧದಲ್ಲಿ ನ್ಯಾಶ್‌ವಿಲ್ ನಗರದಲ್ಲಿ ಶಾಟ್ ಜ್ಯಾಕ್ಸನ್, ಬಡ್ಡಿ ಎಮನ್ಸ್ ಎಂಬ ಇಬ್ಬರು ವಾದಕರು ತಮ್ಮ ಹೆಸರುಗಳನ್ನು ಕೂಡಿಸಿ ‘ಶೋ-ಬಡ್’ ಎಂಬ ತಯಾರಿಕೆಯನ್ನು ಆರಂಭಿಸಿದರು. 1963ರಲ್ಲಿ ಎಮನ್ಸ್ ಬೇರೆಯಾಗಿ, ರಾನ್ ಲ್ಯಾಶ್ಲಿಯೊಡನೆ ಸ್ವಂತ ಸಂಸ್ಥೆಯನ್ನು ಕಟ್ಟಿದನು.

ಈ ವಾದ್ಯದ ಒಳಗನ್ನು ಸ್ವಲ್ಪ ನೋಡೋಣ. ಮೇಲಿನಿಂದ ಕಂಡರೆ ಅದು ನಾಲ್ಕು ಕಾಲಿನ ಉದ್ದನೆಯ ಮೇಜು. ಹತ್ತು ತಂತಿಗಳು; ಮೆಟ್ಟಿಲುಗಳ ಬದಲು ಬರಿಯ ಗೆರೆಗಳು. ಕೆಳಗೆ ಮೂರೋ ಹೆಚ್ಚೋ ಪೆಡಲುಗಳು, ಮೊಣಕಾಲಿನಿಂದ ತಳ್ಳುವ ಸನ್ನೆಗಳು. ಹಳೆಯ ಸೈಕಲುಗಳಲ್ಲಿ ಕಂಬಿಯ ಬ್ರೇಕು ಇರುತ್ತಿದ್ದುದನ್ನು ನಿಮ್ಮ ಅಜ್ಜಂದಿರು ಬಲ್ಲರು: ಹಿಡಿಯನ್ನು ಅದುಮಿದರೆ ಕಂಬಿಯೊಂದು ಚಲಿಸಿ ಚಕ್ರವನ್ನು ಹಿಡಿಯುತ್ತಿತ್ತು. ಇಲ್ಲಿಯೂ ಹಾಗೆಯೇ. ಪೆಡಲನ್ನು ತುಳಿದರೆ ಕಂಬಿಗಳು ಚಲಿಸಿ, ವಾದ್ಯದ ಒಂದು ತುದಿಯಲ್ಲಿ ತಂತಿಯನ್ನು ಹೊತ್ತ ಲೋಹದ ಬೆರಳೊಂದನ್ನು ಎಳ್ಳಷ್ಟು ತಿರುಗಿಸುತ್ತವೆ. ತಂತಿ ಬಿಗಿಯುತ್ತದೆ ಅಥವಾ ಸಡಿಲವಾಗುತ್ತದೆ. ಕಾಲು ಸರಿದೊಡನೆ ಅದು ಮೊದಲಿನ ಶ್ರುತಿಗೆ ಕರಾರುವಾಕ್ಕಾಗಿ ಮರಳಬೇಕು. ಈ ಮರಳುವಿಕೆಯಲ್ಲೇ ತಯಾರಕನ ಜಾಣ್ಮೆ ಅಡಗಿದೆ. ಎಮನ್ಸ್ ವಾದ್ಯಗಳ ಹಳೆಯ ಯಂತ್ರರಚನೆಯನ್ನು ಶ್ರುತಿಗೊಳಿಸುವುದು ಬಲು ತ್ರಾಸದ ಕೆಲಸ. ಆದರೂ ಅದರ ನಾದದ ತುಂಬುತನಕ್ಕಾಗಿ ಇಂದಿಗೂ ಜನರು ಅದನ್ನೇ ಹುಡುಕುತ್ತಾರೆ. ಶೋ-ಬಡ್ ತಯಾರಿಕೆಯು 1980ರ ದಶಕದಲ್ಲಿ ನಿಂತುಹೋಯಿತು. ಅದರ ಬಿಡಿಭಾಗಗಳು ಬಿರಿದರೆ, ಆ ಕೆಲಸ ಬಲ್ಲವರು ಹೊಸದನ್ನು ಕಡೆದು ಕೂಡಿಸಿ ಅವುಗಳನ್ನು ಉಳಿಸಿಕೊಂಡಿದ್ದಾರೆ.

ಹವಾಯಿಯ ಗಿಟಾರು ನಮ್ಮ ದೇಶಕ್ಕೂ ಬಂತು. ಟೌ ಮೋ ಎಂಬ ಹವಾಯಿಯ ಕಲಾವಿದನ ಕುಟುಂಬವು 1940ರ ದಶಕದಲ್ಲಿ ಕಲ್ಕತ್ತೆಯಲ್ಲಿ ನೆಲೆಸಿತ್ತು. ಮುಂದೆ ಬ್ರಿಜ್‌ಭೂಷಣ ಕಾಬ್ರಾ ಅದರ ಮೇಲೆ ಹಿಂದೂಸ್ತಾನಿ ರಾಗಗಳನ್ನು ಅರಳಿಸಿದರು. ವಿಶ್ವಮೋಹನ ಭಟ್ಟರು ಅದಕ್ಕೆ ಅನುರಣನದ ತಂತಿಗಳನ್ನು ಕೂಡಿಸಿ ಮೋಹನವೀಣೆಯನ್ನು ರೂಪಿಸಿದರು. 1994ರಲ್ಲಿ ಅವರಿಗೆ ಗ್ರ್ಯಾಮಿ ಪ್ರಶಸ್ತಿ ಸಂದಿತು. ಬೆಂಗಳೂರಿನ ಪ್ರಕಾಶ್ ಸೊಂಟಕ್ಕೆಯವರು ಇದೇ ಪರಂಪರೆಯ ವಾದಕರು. ಆದರೆ ಪೆಡಲು ಮಾತ್ರ ನಮ್ಮ ರಾಗಸಂಗೀತದೊಳಕ್ಕೆ ಬರಲಿಲ್ಲ. ಕಾರಣ ಸರಳ. ನಿಂತ ಸ್ವರದ ಪಕ್ಕದಲ್ಲಿ ಚಲಿಸುವ ಸ್ವರವನ್ನು ಕೇಳಿಸಲು ಅಮೆರಿಕದವರು ಅಷ್ಟೊಂದು ಕಂಬಿಗಳನ್ನು ಹೂಡಬೇಕಾಯಿತು. ನಮ್ಮಲ್ಲಿ ನಿಂತ ಸ್ವರವನ್ನು ತಂಬೂರಿಯೇ ಹಿಡಿದುಕೊಂಡಿರುತ್ತದೆ.

ಬಿಗ್ಸ್‌ಬಿಯ ಹೆಸರನ್ನು ನೆನಪಿನಲ್ಲಿಡಿರೆಂದು ಹೇಳಿದೆನಷ್ಟೆ. ತುಮಕೂರಿನಿಂದ ಬೆಂಗಳೂರಿಗೆ ಹೋಗುವ ಹೆದ್ದಾರಿಯಲ್ಲಿ ದಾಬಸ್‌ಪೇಟೆ ಸಿಗುತ್ತದೆ. ಆ ಕಡೆಯ, ನೆಲಮಂಗಲ ತಾಲ್ಲೂಕಿಗೆ ಸೇರಿದ ಸಿಂಗೋನಹಳ್ಳಿಯು ವೀಣೆಗಳನ್ನು ಮಾಡುವ ಊರೆಂದು ಹೆಸರಾಗಿದೆ. ಅಲ್ಲಿ ಹಲಸಿನ ಮರವು ವೀಣೆಯಾಗುತ್ತದೆ. ಹಲಸು ನಮಗೆ ಹೊಸದಲ್ಲ. ಗುಬ್ಬಿ ತಾಲ್ಲೂಕಿನ ಚೇಳೂರಿನ ಹಲಸಿಗೆ ಎಲ್ಲೆಲ್ಲೂ ಬೇಡಿಕೆ. ಆ ಊರಿನ ಕೆಂಪು ತೊಳೆಯ ಹಣ್ಣೊಂದು ‘ಸಿದ್ದು’ ಎಂಬ ಹೆಸರಿನ ತಳಿಯಾಗಿ ಪ್ರಸಿದ್ಧವಾಯಿತು. ಹಣ್ಣಿಗೆ ಹೆಸರು ಬಂದಂತೆ ಆ ಮರದಿಂದ ವೀಣೆ ಮಾಡುವ ಕೈಗೆ ಬರಲಿಲ್ಲವೆಂಬುದು ನನ್ನ ಕೊರಗು. ವೀಣೆ ಶೇಷಣ್ಣನವರ ಹೆಸರನ್ನು ನಾವೆಲ್ಲ ಬಲ್ಲೆವು. ಕಚೇರಿಯಲ್ಲಿ ಕಾಣುವ ವೀಣೆಯನ್ನು ಕೆತ್ತಿದವರು ಯಾರೆಂದು ಕೇಳಿದರೆ ಉತ್ತರಿಸಬಲ್ಲವರು ಎಷ್ಟು ಮಂದಿ?

ಅವರ ಕೆಲಸವೇನೂ ಬಿಗ್ಸ್‌ಬಿಯ ಕೆಲಸಕ್ಕೆ ಕಡಮೆಯಲ್ಲ. ಬಲಿತ ಹಲಸಿನ ದಿಮ್ಮಿಯನ್ನು ಹದವಾಗಿ ಒಣಗಿಸಬೇಕು. ಅದರಲ್ಲಿ ಕೊಡವನ್ನು ತೋಡಬೇಕು. ಗೋಡೆ ದಪ್ಪವಾದರೆ ನಾದ ಮಂಕು, ತೆಳುವಾದರೆ ಮರ ಬಿರಿಯುತ್ತದೆ. ದಂಡಿಯನ್ನು ಕೂಡಿಸಿ, ತುದಿಗೆ ಯಾಳಿಯ ಮುಖವನ್ನು ಕೆತ್ತಿ, ಏಳು ತಂತಿಗಳನ್ನು ಹೊರುವ ಕುದುರೆಯನ್ನು ನಿಲ್ಲಿಸಬೇಕು. ಕುಣಿಗಲಿನ ಲಾಯದ ಕುದುರೆಗಳನ್ನು ಕಂಡ ವಿದ್ಯಾರ್ಥಿಗಳು ಈ ಮಾತಿಗೆ ನಗಬಹುದು. ತಂತಿಗಳ ಭಾರ ಹೊತ್ತು ನಿಲ್ಲುವ ಆ ಸಣ್ಣ ಪೀಠಕ್ಕೆ ನಮ್ಮವರು ಇಟ್ಟ ಹೆಸರೇ ಕುದುರೆ.

ಕಡೆಯ ಕೆಲಸ ಮೇಳ ಕಟ್ಟುವುದು. ಕಪ್ಪು ಮೇಣವನ್ನು ಕಾಯಿಸಿ ದಂಡಿಯ ಮೇಲೆ ಎರಡು ಸಾಲಾಗಿ ಹಚ್ಚಿ, ಇಪ್ಪತ್ತನಾಲ್ಕು ಲೋಹದ ಮೆಟ್ಟಿಲುಗಳನ್ನು ಅದರಲ್ಲಿ ಊರಬೇಕು. ಪ್ರತಿಯೊಂದನ್ನೂ ತಂತಿ ಮೀಟಿ, ಕೇಳಿ, ನೂಲೆಳೆಯಷ್ಟು ಹಿಂದೆ ಮುಂದೆ ಸರಿಸಿ ನಿಲ್ಲಿಸಬೇಕು. ಇದಕ್ಕೆ ಅಳತೆಗೋಲು ಸಾಲದು, ಕಿವಿಯೇ ಬೇಕು. ಕೆಲವು ವರ್ಷಗಳಲ್ಲಿ ಮೇಣ ಬಿರಿಯುತ್ತದೆ, ಮೆಟ್ಟಿಲು ಸವೆಯುತ್ತದೆ. ಆಗ ಎಂಥ ವಿದ್ವಾಂಸರಾದರೂ ವೀಣೆಯನ್ನು ಎತ್ತಿಕೊಂಡು ಮೇಳ ಕಟ್ಟುವವರ ಮನೆಯ ಬಾಗಿಲಿಗೇ ಹೋಗಬೇಕು.