ಉಪ್ಪುಗಾಳಿಯಲ್ಲಿ ಹೊಗೆಸೊಪ್ಪು

ನಮ್ಮ ಕಡೆ ಕವಳ, ಅಂದರೆ ಎಲೆಯಡಿಕೆ, ಹಾಕುವವರಿಗೆ ಹೊಗೆಸೊಪ್ಪೆಂದರೆ ಅಂಗಡಿಯಿಂದ ತಂದ ಒಣ ಎಲೆ. ಅಂಕೋಲೆಯ ಪೇಟೆಯಲ್ಲಿ ತರಕಾರಿ ಮಾರುವ ಹಾಲಕ್ಕಿ ಸಮುದಾಯದ ಅಜ್ಜಿಯರ ಸಂಚಿಯಲ್ಲೂ ಅದೇ, ನಮ್ಮ ಮನೆಯ ಹಿರಿಯರ ಹರಿವಾಣದಲ್ಲೂ ಅದೇ. ಹಸಿ ಗಿಡ ಕಂಡವರು ಕಡಿಮೆ; ಅದು ಹುಣಸೂರು, ಪಿರಿಯಾಪಟ್ಟಣ, ನಿಪ್ಪಾಣಿಯ ಬೆಳೆ. ಗಿಡವನ್ನು ಕಣ್ಣಾರೆ ನೋಡುವ ಆಸೆಗೆ ಕಾರವಾರದ ಕೋಡಿಬಾಗದ ನಮ್ಮ ತಾರಸಿಯಲ್ಲೂ, ಅಂಕೋಲಾ ತಾಲೂಕಿನ ಅಗಸೂರಿನ ಅಕ್ಕನ ಅಂಗಳದಲ್ಲೂ ಹಳೆಯ ಪೇಂಟ್ ಬಕೆಟ್‌ಗಳಲ್ಲಿ ಬೆಳೆಸಿದೆ. ಒಂದೇ ಬೀಜ. ಗಿಡಗಳು ಮಾತ್ರ ಒಂದೇ ಥರ ಆಗಲಿಲ್ಲ.

ಬೀಜ ರಾಗಿಗಿಂತ ಎಷ್ಟೋ ಸಣ್ಣದು, ಗ್ರಾಮಿಗೆ 10,000 ಮೀರುತ್ತದೆ. ಮೊಳೆಯಲು ಅದಕ್ಕೆ ಬೆಳಕು ಬೇಕು, ಹಾಗಾಗಿ ಮೇಲೆ ಮಣ್ಣು ಮುಚ್ಚಬಾರದು. ನುಣ್ಣನೆಯ ಮರಳಿನಲ್ಲಿ ಬೆರೆಸಿ ಉದುರಿಸಿ, ತಟ್ಟೆಯಲ್ಲಿ ನೀರಿಟ್ಟು ಕೆಳಗಿನಿಂದ ತೇವ ಏರಲು ಬಿಟ್ಟರೆ ಸಾಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಮ್ಮ ಜಡಿಮಳೆ ಇದಕ್ಕೆ ಆಗದು. ಬೇರಿಗೆ ನೀರು ನಿಂತರೆ ಬಿಸಿಲು ಬಿದ್ದ ಕೂಡಲೇ ಇಡೀ ಗಿಡ ಜೋಲುತ್ತದೆ. ಆಗಸ್ಟ್ ಕೊನೆಗೆ ಮಾಡಿನ ಕೆಳಗೆ ಸಸಿ ಮಾಡಿ, ಮಳೆ ಹಿಂದೆಗೆದ ಮೇಲೆ ಅಕ್ಟೋಬರಿನಲ್ಲಿ ಕುಂಡಕ್ಕೆ ಬದಲಿಸುವುದು ಸರಿಹೋಯಿತು. ಕಾಸರಗೋಡಿನ ಪಳ್ಳಿಕರೆ ಕಡೆ ಕಡಲತೀರದ ಮರಳು ಹೊಲಗಳಲ್ಲಿ ಜಗಿಯುವ ತಂಬಾಕು ಬೆಳೆಯುತ್ತಿದ್ದವರೂ ಮಳೆ ಕಳೆದ ಮೇಲೆಯೇ ನಾಟಿ ಮಾಡುತ್ತಿದ್ದರು.

ನನಗೆ ಹೆಚ್ಚು ಕಲಿಸಿದ್ದು ನೀರು. ಕೋಡಿಬಾಗದಲ್ಲಿ ಕಾಳಿ ನದಿ ಕಡಲು ಸೇರುತ್ತದೆ. ಬೇಸಿಗೆ ಬಂತೆಂದರೆ ಬಾವಿ ನೀರಿಗೆ ಉಪ್ಪಿನ ರುಚಿ. ಅದೇ ನೀರು ಕುಡಿದ ಗಿಡದ ಎಲೆ ದಪ್ಪಗಾಗಿ, ಅಂಚು ಮೇಲಕ್ಕೆ ಮಡಚಿ, ಮುಟ್ಟಿದರೆ ಪಟ್ಟನೆ ಮುರಿಯುತ್ತಿತ್ತು. ಅಗಸೂರಿನ ಸಿಹಿನೀರಿನ ಗಿಡಕ್ಕೆ ಅಗಲವಾದ, ಮೆತ್ತಗಿನ ಎಲೆ. ಕಾರಣ ಕ್ಲೋರೈಡ್. ತೆಂಗಿಗೆ ಅದು ಹಿತ, ಬುಡಕ್ಕೆ ಉಪ್ಪು ಹಾಕುವ ರೂಢಿಯೇ ಇದೆ. ತಂಬಾಕಿಗೆ ಅದು ಹೆಚ್ಚಾದರೆ ಎಲೆ ಕೆಡುತ್ತದೆ, ಒಣಗಿಸಿದ ಮೇಲೂ ತೇವ ಎಳೆದುಕೊಳ್ಳುತ್ತದೆ. ತೆಂಗಿಗೆ ಹಾಕುವ ಉಪ್ಪುಮೀನಿನ ಗೊಬ್ಬರ, ಮ್ಯೂರಿಯೇಟ್ ಆಫ್ ಪೊಟ್ಯಾಷ್, ತೊಳೆಯದ ನಾರಿನ ಪುಡಿ ಇವು ಮೂರನ್ನೂ ತಂಬಾಕಿನ ಕುಂಡದಿಂದ ದೂರ ಇಡಬೇಕು. ಪೊಟ್ಯಾಷ್ ಬೇಕಾದರೆ ಸಲ್ಫೇಟ್ ರೂಪದ್ದು ಹಾಕಬಹುದು. ಡ್ರಮ್ಮಿನಲ್ಲಿ ಹಿಡಿದಿಟ್ಟ ಮಳೆನೀರು ಕೊಡತೊಡಗಿದ ಮೇಲೆ ಕಾರವಾರದ ಗಿಡಗಳ ಹೊಸ ಎಲೆಗಳೂ ಹಗುರಾದವು.

ತಂಬಾಕಿದ್ದರೆ ಹುಳ ಬರುವುದಿಲ್ಲ ಎಂಬ ಮಾತನ್ನು ನಂಬಬೇಡಿ. ಎಲೆ ತಿನ್ನುವ ಹುಳ, ಸ್ಪೊಡಾಪ್ಟೆರಾ, ಇದನ್ನು ಇಷ್ಟಪಟ್ಟು ತಿನ್ನುತ್ತದೆ. ಎಲೆಯ ಅಡಿಯ ಮೊಟ್ಟೆಗುಂಪನ್ನು ಬೆಳಿಗ್ಗೆ ಹುಡುಕಿ ತೆಗೆಯುವುದೇ ದಾರಿ. ಟೊಮೆಟೊ, ಮೆಣಸಿನಕಾಯಿ, ಬದನೆ ಇದರದೇ ಕುಟುಂಬದವು; ಪಕ್ಕದಲ್ಲಿಟ್ಟರೆ ಮೊಸಾಯಿಕ್ ರೋಗ ಹಂಚಿಕೊಳ್ಳುತ್ತವೆ. 1898ರಲ್ಲಿ ವಿಜ್ಞಾನಿ ಬೈಯರಿಂಕ್ ವೈರಸ್ ಎಂಬುದನ್ನು ಗುರುತಿಸಿದ್ದೇ ತಂಬಾಕಿನ ಈ ರೋಗದಲ್ಲಿ. ಅದು ಒಣ ಎಲೆಯಲ್ಲೂ ಉಳಿಯುತ್ತದೆ, ಕೈಯಿಂದ ಹರಡುತ್ತದೆ. ಕವಳ ಹಾಕಿದ ಕೈಯನ್ನು ಸೋಪಿನಲ್ಲಿ ತೊಳೆಯದೆ ಟೊಮೆಟೊ ಮುಟ್ಟಬೇಡಿ ಎಂದು ನಮ್ಮ ಮನೆಯಲ್ಲಿ ಎಲ್ಲರಿಗೂ ಹೇಳಿದ್ದೇನೆ.

ಎಲೆಯ ಮೇಲೆ ಇಬ್ಬನಿ ಇದ್ದಾಗ ಬರಿಗೈಯಲ್ಲಿ ಮುಟ್ಟಲೂಬಾರದು. ನಿಕೋಟಿನ್ ಚರ್ಮದ ಮೂಲಕವೇ ಒಳಹೋಗಿ ತಲೆ ಸುತ್ತು, ವಾಂತಿ ತರಿಸುತ್ತದೆ. ಹೊಲಗಳಲ್ಲಿ ಎಲೆ ಕೀಳುವವರನ್ನು ಕಾಡುವ ಕಾಯಿಲೆಯಿದು. ನಿಕೋಟಿನ್ ತಯಾರಾಗುವುದು ಬೇರಿನಲ್ಲಿ, ಮೊಗ್ಗಿನ ಕುಡಿ ಮುರಿದರೆ ಎಲೆಗೆ ಇನ್ನಷ್ಟು ಏರುತ್ತದೆ. ನಾನು ಕುಡಿ ಮುರಿಯಲಿಲ್ಲ, ತಿಳಿಗುಲಾಬಿ ಹೂ ನೋಡಬೇಕಿತ್ತು. ಹೊಗೆಸೊಪ್ಪಿನ ಕಷಾಯವನ್ನು ‘ಸಾವಯವ’ ಎಂದು ಬಸಳೆ, ಹರಿವೆಗೆ ಹೊಡೆಯುವವರಿಗೆ ಒಂದು ಮಾತು: ನಿಕೋಟಿನ್ ಸಲ್ಫೇಟ್ ಕೀಟನಾಶಕದ ಬಳಕೆಗೆ ನಮ್ಮ ದೇಶದಲ್ಲಿ ನಿಷೇಧವಿದೆ. ತಿನ್ನುವ ಸೊಪ್ಪಿಗೆ ಅದರ ಕಷಾಯ ಬೇಡವೇ ಬೇಡ. ಗಿಡಕ್ಕೆ ಮಕ್ಕಳ ಕೈ, ದನದ ಬಾಯಿ ತಾಗದಂತೆ ನೋಡಿಕೊಳ್ಳಬೇಕು.

ಅಗಸೂರಿಗೆ ಬಂದಿದ್ದ ಅತ್ತೆ ಆ ಅಗಲದ ಎಲೆ ಸವರಿ, “ಒಂದ್ ಎಲೆ ಒಣಗ್ಸಿ ಕೊಡು ತಮಾ, ಕವಳಕ್ಕೆ” ಎಂದರು. ಕೊಡಲಿಲ್ಲ. ಜಗಿಯುವ ತಂಬಾಕು, ಅಡಿಕೆ ಎರಡೂ ಬಾಯಿ ಕ್ಯಾನ್ಸರ್ ತರುತ್ತವೆ ಎಂದು ಬಿಡಿಸಿ ಹೇಳಿದೆ. ಬಾಯೊಳಗೆ ಬಿಳಿ ಮಚ್ಚೆ ಕಂಡರೆ, ಹುಣ್ಣು ಎರಡು ವಾರ ಕಳೆದರೂ ಮಾಯದಿದ್ದರೆ ತಕ್ಷಣ ನನಗೆ ಫೋನ್ ಮಾಡಿ, ಆಸ್ಪತ್ರೆಗೆ ನಾನೇ ಕರಕೊಂಡು ಹೋಗುತ್ತೇನೆ ಎಂದೂ ಹೇಳಿದೆ.