ಬಿಡದ ಚಿಂತೆಯೆಂಬ ರೋಗ

ಓದತಕ್ಕ ಭಾಗಗಳು: 1 ಅರಸುಗಳು 19:1–8, ಮತ್ತಾಯ 6:25–34

ಉಬ್ರಾಣಿಯ ಸುತ್ತಣ ಕಾಡಂಚಿನ ಹಳ್ಳಿಗಳವರಿಗೆ ಭಯವೆಂದರೇನೆಂದು ಹೇಳಿಕೊಡಬೇಕಾದ್ದಿಲ್ಲ. ಮೆಕ್ಕೆಜೋಳದ ಹೊಲಕ್ಕೆ ಆನೆ ಇಳಿದಿದೆಯೆಂಬ ಕೂಗು ಕೇಳಿದೊಡನೆ ಎದೆ ಡವಗುಟ್ಟುತ್ತದೆ, ಮೈ ಬಿಗಿಯುತ್ತದೆ, ನಿದ್ರೆ ಹಾರಿಹೋಗುತ್ತದೆ. ಇದು ರೋಗವಲ್ಲ, ನಮ್ಮ ಪ್ರಾಣರಕ್ಷಣೆಗಾಗಿ ಸೃಷ್ಟಿಕರ್ತನು ಶರೀರದಲ್ಲಿ ಇಟ್ಟ ಕಾವಲುಗಾರನು. ಆನೆಯು ಕಾಡಿಗೆ ಹಿಂದಿರುಗಿದ ಮೇಲೆ ಕಾವಲುಗಾರನೂ ಮಲಗುತ್ತಾನೆ. ಆದರೆ ಕೆಲವರಲ್ಲಿ ಅವನು ಮಲಗುವುದೇ ಇಲ್ಲ. ಆನೆ ಇಲ್ಲದಿದ್ದರೆ ಸಾಲ, ಸಾಲ ತೀರಿದರೆ ಮಗಳ ಮದುವೆ, ಅದೂ ಮುಗಿದರೆ ಏನೋ ಕೇಡು ಬರುವುದೆಂಬ ಕಳವಳ. ಇಂಥ ಚಿಂತೆಯು ಆರು ತಿಂಗಳು ಅಥವಾ ಅದಕ್ಕೂ ಹೆಚ್ಚು ಕಾಲ ಬಹುತೇಕ ದಿನಗಳಲ್ಲಿ ಹಿಡಿದು, ತಡೆಯಲಾಗದೆ, ಅದರ ಸಂಗಡ ಚಡಪಡಿಕೆ, ಆಯಾಸ, ಏಕಾಗ್ರತೆಯ ಕೊರತೆ, ಸಿಡುಕು, ಮೈಬಿಗಿತ, ನಿದ್ರಾಭಂಗ ಇವುಗಳಲ್ಲಿ ಮೂರಾದರೂ ಸೇರಿಕೊಂಡು ಮನೆಗೆಲಸವನ್ನೂ ಕೆಡಿಸುವುದಾದರೆ, ಅದನ್ನು ವೈದ್ಯರು ಜನರಲೈಸ್ಡ್ ಆಂಕ್ಸೈಟಿ ಡಿಸಾರ್ಡರ್ ಎಂಬ ರೋಗವೆನ್ನುತ್ತಾರೆ. 1980ರಲ್ಲಿ ಇದಕ್ಕೆ ಪ್ರತ್ಯೇಕ ಹೆಸರು ದೊರಕಿತು. ರೋಗವಾದರೋ ಬಹು ಹಳೆಯದು.

ಈ ಪಾಠವನ್ನು ಬರೆಯುವ ನಾನೇ ಇದರಲ್ಲಿ ತಪ್ಪಿದವನು. ನಮ್ಮ ಸಭೆಯ ಸಹೋದರಿಯೊಬ್ಬಳ ಗಂಡನು ಅಡಿಕೆ ಮಾರಲು ಚನ್ನಗಿರಿಗೆ ಹೋಗಿ ಒಂದು ತಾಸು ತಡಮಾಡಿದರೆ ಆಕೆ ಹತ್ತು ಸಲ ಫೋನ್ ಮಾಡುವಳು, ಒಲೆ ಹಚ್ಚಲಾರಳು. ನಾನು ಮತ್ತಾಯ ಆರನೆಯ ಅಧ್ಯಾಯವನ್ನು ತೆರೆದು, ನಿನ್ನ ನಂಬಿಕೆ ಕಡಿಮೆಯಾದದರಿಂದಲೇ ಹೀಗಾಯಿತೆಂದು ಗದರಿಸಿದೆನು. ಆ ಮೇಲೆ ಆಕೆ ಆರಾಧನೆಗೆ ಬರುವುದನ್ನೇ ಬಿಟ್ಟಳು. ಮೊದಲಿದ್ದ ಹತ್ತು ಚಿಂತೆಗಳಿಗೆ ದೇವರ ಕೋಪವೆಂಬ ಹನ್ನೊಂದನೆಯದನ್ನು ನಾನು ಸೇರಿಸಿದ್ದೆನು.

ನಮ್ಮ ಕರ್ತನು ಹಕ್ಕಿಗಳನ್ನೂ ಹೂವುಗಳನ್ನೂ ತೋರಿಸಿದ್ದು ಭಾರ ಹೊತ್ತವರನ್ನು ಹಗುರಮಾಡುವದಕ್ಕೇ ಹೊರತು ಹೊಡೆಯುವದಕ್ಕಲ್ಲ. ರೋಗಿಗಳಿಗೆ ವೈದ್ಯನ ಅಗತ್ಯವುಂಟೆಂದು ಅದೇ ಸುವಾರ್ತೆಯ ಒಂಬತ್ತನೆಯ ಅಧ್ಯಾಯದಲ್ಲಿ ತಿಳಿಸಿದವನೂ ಆತನೇ. ಎಲೀಯನನ್ನು ನೋಡಿರಿ. ಈಜೆಬೆಲಳ ಬೆದರಿಕೆಗೆ ಓಡಿಹೋಗಿ ಅರಣ್ಯದ ಗಿಡದಡಿಯಲ್ಲಿ ಕುಳಿತು ಸಾವನ್ನು ಬೇಡಿದನು. ಆತನಿಗಿದ್ದದ್ದು ಇದೇ ರೋಗವೆಂದು ನಾನು ಹೇಳುವುದಿಲ್ಲ. ಆದರೆ ದೇವರು ಆತನನ್ನು ನಡಿಸಿಕೊಂಡ ಕ್ರಮವನ್ನು ಗಮನಿಸಬೇಕು. ಆತನು ಮಲಗಿದನು; ದೂತನು ಬಂದು ರೊಟ್ಟಿಯನ್ನೂ ನೀರನ್ನೂ ಕೊಟ್ಟನು; ಪುನಃ ಮಲಗಿದನು, ಪುನಃ ಊಟ. ಇಲ್ಲಿ ಏನು ಮಾಡುತ್ತೀ ಎಂಬ ವಿಚಾರಣೆಯಾದದ್ದು ಬಹು ದಿನಗಳ ತರುವಾಯ, ಹೋರೇಬಿನಲ್ಲಿ.

ಚಿಕಿತ್ಸೆಯ ವಿಷಯ. ವೈದ್ಯರು ಮೊದಲು ಥೈರಾಯಿಡ್ ದೋಷ, ರಕ್ತಹೀನತೆ ಮುಂತಾದವುಗಳನ್ನು ಪರೀಕ್ಷಿಸಿ, ಕಾಫಿ ಚಹಾಗಳ ಲೆಕ್ಕವನ್ನೂ ಕೇಳುವರು. ತರುವಾಯ ಎರಡು ಮಾರ್ಗಗಳುಂಟು, ಎರಡನ್ನೂ ಕೂಡಿಸಬಹುದು. ಒಂದು, ಮಾತಿನ ಚಿಕಿತ್ಸೆ. ಮೇಲೆ ಹೇಳಿದ ಸಹೋದರಿಗೆ ಒಂದು ನೋಟುಪುಸ್ತಕವಿಟ್ಟು, ಇಂದು ಯಾವ ಕೇಡು ಬರುವುದೆಂದು ಹೆದರಿದಳೋ ಅದನ್ನು ಬರೆಯಿಸಿ, ವಾರದ ಕೊನೆಗೆ ಎಷ್ಟು ನಿಜವಾದವೆಂದು ಅವಳಿಂದಲೇ ಎಣಿಸಿದರು. ಹತ್ತು ಫೋನುಗಳನ್ನು ಐದಕ್ಕೆ, ಐದನ್ನು ಒಂದಕ್ಕೆ ಇಳಿಸಿದರು. ಫೋನ್ ಮಾಡದೆ ಕಳವಳವನ್ನು ಸಹಿಸಿಕೊಂಡರೆ ಅದು ತಾನಾಗಿ ಇಳಿಯುತ್ತದೆಂಬುದನ್ನು ಆಕೆ ಬೋಧನೆಯಿಂದಲ್ಲ, ಅನುಭವದಿಂದಲೇ ಕಲಿತಳು. ಎರಡನೆಯದು, ಎಸ್ಸಿಟಾಲೊಪ್ರಾಮ್, ಸರ್ಟ್ರಾಲಿನ್ ಮುಂತಾದ ಮಾತ್ರೆಗಳು. ಇವುಗಳ ಗುಣ ಕಾಣಲು ಎರಡರಿಂದ ಆರು ವಾರ ಹಿಡಿಯುತ್ತದೆ. ಮೊದಲ ದಿನಗಳಲ್ಲಿ ವಾಕರಿಕೆ, ಚಡಪಡಿಕೆ ಉಂಟಾಗಬಹುದು. ಆಗಲೂ, ಗುಣವಾದ ಮೇಲೂ, ವೈದ್ಯರನ್ನು ಕೇಳದೆ ನಿಲ್ಲಿಸಬಾರದು. ಆಲ್ಪ್ರಜೋಲಾಮ್ ಎಂಬುದು ಬೇಗ ಶಮನಕೊಡುತ್ತದಾದರೂ ಚಟವಾಗತಕ್ಕದ್ದು. ಹಳೆಯ ಚೀಟಿ ತೋರಿಸಿ ಅಂಗಡಿಯಲ್ಲಿ ಮತ್ತೆ ಮತ್ತೆ ಕೊಳ್ಳುವುದು ಅಪಾಯ. ಸಾರಾಯಿಯಿಂದ ರಾತ್ರಿ ಅಡಗಿದ ಕಳವಳವು ಮುಂಜಾನೆ ಇಮ್ಮಡಿಯಾಗುತ್ತದೆ.

ಇಷ್ಟಕ್ಕಾಗಿ ಬೆಂಗಳೂರಿನ ನಿಮ್ಹಾನ್ಸ್‌ಗೇ ಹೋಗಬೇಕೇ? ಬೇಕಿಲ್ಲ. ಹಳ್ಳಿಯವರಿಗೆ ಸಮೀಪದಲ್ಲೇ ಮನೋಚಿಕಿತ್ಸೆ ಸಿಕ್ಕಬೇಕೆಂದು ಆ ಸಂಸ್ಥೆಯವರೇ 1985ರಿಂದ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರನ್ನೂ ಕಾರ್ಯಕರ್ತರನ್ನೂ ತರಬೇತುಗೊಳಿಸಿ ಪ್ರಯೋಗ ಮಾಡಿದರು. ಅದೇ ಮಾದರಿಯ ಮೇಲೆ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವು ಆರಂಭವಾಯಿತು. ನಮ್ಮ ರಾಜ್ಯದಲ್ಲೇ ಮೊಳೆತ ಬೀಜವಿದು. ನಾವೇ ಅದರ ನೆರಳಿಗೆ ಹೋಗಲು ನಾಚುತ್ತೇವೆ! 2015–16ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಇಂಥ ಸಾಮಾನ್ಯ ಮನೋರೋಗಗಳಿದ್ದವರಲ್ಲಿ ನೂರಕ್ಕೆ ಸುಮಾರು 85 ಮಂದಿ ಚಿಕಿತ್ಸೆಯಿಲ್ಲದೆಯೇ ಇದ್ದರು. ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬರುವ ದಿನವನ್ನು ಆಶಾ ಕಾರ್ಯಕರ್ತೆಯಿಂದ ವಿಚಾರಿಸಿಕೊಳ್ಳಿರಿ. 2022ರಲ್ಲಿ ಆರಂಭವಾದ ಟೆಲಿ ಮಾನಸ್‌ಗೆ 14416 ಎಂಬ ಸಂಖ್ಯೆಯಲ್ಲಿ ಹಗಲಿರುಳು ಕನ್ನಡದಲ್ಲೇ ಮಾತಾಡಬಹುದು; ಖರ್ಚಿಲ್ಲ.

ಸಭೆಯ ಹಿರಿಯರಿಗೆ ಒಂದು ಮಾತು. ಅಂಥವರ ಮನೆಗೆ ಹೋದಾಗ ಪ್ರಾರ್ಥನೆ ಚಿಕ್ಕದಾಗಿರಲಿ. ಆಸ್ಪತ್ರೆಗೆ ಜೊತೆಯಲ್ಲಿ ಹೋಗುವವರನ್ನು ಗೊತ್ತುಮಾಡಿರಿ. ಬಸ್ಸು ಹತ್ತುವುದೇ ಅವರಿಗೆ ದೊಡ್ಡ ಬೆಟ್ಟ. ಎಲೀಯನಂತೆ ಯಾರಾದರೂ, ಇನ್ನು ಬದುಕು ಸಾಕು, ಅಂದರೆ ಅದನ್ನು ಬೇಸರದ ಮಾತೆಂದು ತಳ್ಳಿಬಿಡದೆ, ಅವರನ್ನು ಒಂಟಿಯಾಗಿ ಬಿಡದೆ, ಹೊಲಕ್ಕೆ ಹೊಡೆಯುವ ಔಷಧದ ಡಬ್ಬಿಯನ್ನು ಮನೆಯಿಂದ ತೆಗೆದಿಟ್ಟು, ಆ ದಿನವೇ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು.